ಕೆಂಪಕ್ಕಿಯ ಅಂಗಡಿಯವನ ಮನೆಯಲ್ಲಿ ಬಿಳಿ ಅನ್ನ

ಮೊದಲು ಶುರುವಾದದ್ದು ತುರಿಕೆ. ನನ್ನ ಹೆಂಡತಿ ಸುಮಿತ್ರಾ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಕೂತಲ್ಲಿ ಕೂರುತ್ತಿರಲಿಲ್ಲ. ಸೋಪು ಬದಲಾಯಿಸಿದೆವು. ಕೊಬ್ಬರಿ ಎಣ್ಣೆ ಹಚ್ಚಿದೆವು. ಕೊನೆಗೆ ಜೆ.ಪಿ. ನಗರದ ಚರ್ಮದ ಡಾಕ್ಟರು ಬ್ಲಡ್ ಟೆಸ್ಟ್ ಬರೆದರು.

ಕಿಡ್ನಿ.

ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಫಾಸ್ಫರಸ್ ಕೂಡ. ಊಟ, ಮಾತ್ರೆ ಸರಿಯಾಗಿ ನೋಡಿಕೊಂಡರೆ ಡಯಾಲಿಸಿಸ್ ಮುಂದೂಡಬಹುದು ಎಂದರು ಕಿಡ್ನಿ ಡಾಕ್ಟರು. ಡಯಟಿಷಿಯನ್ ಕೊಟ್ಟ ಚಾರ್ಟಿನ ಮೊದಲ ಸಾಲು: ಬಿಳಿ ಅಕ್ಕಿ, ನೀರು ಬಸಿದು.

ನನಗೆ ಸಿಟ್ಟು ಬಂತು. ಅರೆಕೆರೆಯಲ್ಲಿ ನನ್ನದು ಪಾಲಿಶ್ ಮಾಡದ ಅಕ್ಕಿಯ ಅಂಗಡಿ. ಕೆಂಪಕ್ಕಿಯಲ್ಲಿ ನಾರು, ಕಪ್ಪಕ್ಕಿಯ ಬಣ್ಣದಲ್ಲೇ ಆಂಟಿಆಕ್ಸಿಡೆಂಟ್, ಕುಸುಬಲಕ್ಕಿಯಲ್ಲಿ ಬಿ ವಿಟಮಿನ್, ಪಾಲಿಶ್ ಮಾಡಿದರೆ ತೌಡಿನ ಜೊತೆ ಸತ್ವವೆಲ್ಲ ಹೋಯಿತು ಎಂದು ಹನ್ನೊಂದು ವರ್ಷದಿಂದ ಬಂದವರಿಗೆಲ್ಲ ಪಾಠ ಹೇಳಿದವನು ನಾನು. ಅಂಥ ಅಕ್ಕಿ ನನ್ನ ಮನೆಗೆ? ಅಡುಗೆ ಈಗ ನನ್ನ ಕೈಯಲ್ಲಿತ್ತು. ಚಾರ್ಟನ್ನು ಫ್ರಿಜ್‌ಗೆ ಅಂಟಿಸಿ, ಕುಕ್ಕರಿಗೆ ಕೆಂಪಕ್ಕಿಯನ್ನೇ ಹಾಕಿದೆ. ಶಕ್ತಿ ಬರಲಿ ಎಂದು ಜೊತೆಗೆ ಕಡಲೆಕಾಯಿ ಚಟ್ನಿ.

ಮುಂದಿನ ಟೆಸ್ಟಿನಲ್ಲಿ ಫಾಸ್ಫರಸ್ ಇನ್ನೂ ಏರಿತ್ತು. ಅವಳ ತೋಳಿನ ತುಂಬ ಗೀರುಗಳು.

"ಯಾವ ಅಕ್ಕಿ ತಿಂತಿದೀರ?" ಡಯಟಿಷಿಯನ್ ಕೇಳಿದರು.

"ಕೆಂಪಕ್ಕಿ, ಜೊತೆಗೆ ಕಡಲೆಕಾಯಿ ಚಟ್ನಿ. ನಾನೇ ಹಠ ಮಾಡಿ ಮಾಡಿಸ್ಕೊಂಡೆ ಮೇಡಂ," ಎಂದಳು ಸುಮಿತ್ರಾ.

ಅವಳು ನನ್ನ ಕಡೆ ನೋಡಲೂ ಇಲ್ಲ.

"ಕೆಂಪಕ್ಕಿ ಒಳ್ಳೇದೇ ಅಮ್ಮ. ಆದ್ರೆ ತೌಡಲ್ಲಿ ಫಾಸ್ಫರಸ್, ಪೊಟ್ಯಾಶಿಯಂ ಜಾಸ್ತಿ. ನಿಮ್ಮ ಕಿಡ್ನಿ ಅದನ್ನ ಆಚೆ ಹಾಕೋಕಾಗ್ತಿಲ್ಲ. ಅಕ್ಕಿ ಒಂದ್ರಿಂದ್ಲೇ ಹೀಗಾಯ್ತು ಅಂತಲ್ಲ, ಕಡಲೆಕಾಯೂ ನಿಲ್ಸಿ."

ನಾನು ಇಷ್ಟು ವರ್ಷ ಹೊಗಳಿದ ಸತ್ವವೇ ಅವಳ ರಕ್ತದಲ್ಲಿ ಉಳಿದು ಮೈ ಕೆರೆಸುತ್ತಿತ್ತು. ನಾಚಿಕೆಯಿಂದ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಆಟೋದಲ್ಲಿ ಕೇಳಿದೆ, "ಯಾಕೆ ಸುಳ್ಳು ಹೇಳ್ದೆ?"

"ಮೊದಲ್ನೇ ದಿನವೇ ಅವರಿಗೆ ಅಕ್ಕಿ ಬಗ್ಗೆ ಭಾಷಣ ಮಾಡಿದ್ರಲ್ಲ ನೀವು. ನಿಮ್ಮ ಮರ್ಯಾದೆ ಹೋಗ್ತಿತ್ತು."

ಅಂದೇ ಎದುರು ಅಂಗಡಿಯಿಂದ ಪಾಲಿಶ್ ಮಾಡಿದ ಸೋನಾ ಮಸೂರಿ ತಂದೆ. ಅಂಗಡಿಯವನು ನನ್ನ ಮುಖ ನೋಡಿದ, ಪುಣ್ಯಕ್ಕೆ ಏನೂ ಕೇಳಲಿಲ್ಲ. ಈಗ ದಿನಾ ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಅನ್ನ ಬೇಯಿಸಿ, ಗಂಜಿ ಬಸಿದು ಸಿಂಕಿಗೆ ಚೆಲ್ಲುತ್ತೇನೆ. ಚೆಲ್ಲುವಾಗ ಈಗಲೂ ಕೈ ತಡೆಯುತ್ತದೆ.

ಕಳೆದ ವಾರದ ರಿಪೋರ್ಟಿನಲ್ಲಿ ಫಾಸ್ಫರಸ್ ಸ್ವಲ್ಪ ಇಳಿದಿದೆ. ಕ್ರಿಯಾಟಿನಿನ್ ಇದ್ದಲ್ಲೇ ಇದೆ. ಅಷ್ಟಕ್ಕೇ ದೇವರಿಗೆ ಕೈ ಮುಗಿದೆ. ಆದರೂ ಅವಳ ಕೈ ಬೆನ್ನ ಕಡೆ ಹೋದರೆ ಕೆಲಸ ಬಿಟ್ಟು ತಿರುಗಿ ನೋಡುತ್ತೇನೆ.

ನಿನ್ನೆ ಮಧ್ಯಾಹ್ನ ಅವಳು ತಟ್ಟೆ ಖಾಲಿ ಮಾಡಿ, "ಕೆಂಪಕ್ಕಿ ನಂಗೆ ಯಾವತ್ತೂ ಸೇರ್ತಿರ್ಲಿಲ್ಲ ರೀ," ಎಂದಳು.

"ಹನ್ನೊಂದು ವರ್ಷ ತಿಂದ್ಯಲ್ಲೇ? ಹೇಳೋದಲ್ವಾ?"

"ನೀವು ಕೇಳಿದ್ದು ಯಾವಾಗ?"

ತಟ್ಟೆ ಎತ್ತಿಕೊಂಡು, "ನಾಳೆ ಏನು ಮಾಡ್ಲಿ?" ಎಂದೆ.

"ಸೋರೆಕಾಯಿ ಪಲ್ಯ," ಎಂದಳು. ತಕ್ಷಣ. ಈ ಪ್ರಶ್ನೆಗೆ ಎಷ್ಟೋ ಕಾಲದಿಂದ ಕಾದಿದ್ದವಳ ಹಾಗೆ.