ತಿಪ್ಪೆಯಿಂದ ಎತ್ತಿ ತಂದವರು

ಹರಪನಹಳ್ಳಿಯ ಕಾಲೇಜಿನಲ್ಲಿ ನನಗೆ ನುಸಿ ಮೇಡಂ ಎಂದೇ ಹೆಸರು. ನಾನು ಓದಿದ್ದು ಮಣ್ಣಿನ ನುಸಿಗಳನ್ನು. ಸಾಸಿವೆಗಿಂತ ಚಿಕ್ಕವು, ಕೊಳೆತದ್ದನ್ನು ತಿಂದು ಬದುಕುವಂಥವು. ನಗುವವರ ಹೊಲದ ಮಣ್ಣು ಹದವಾಗುವುದರಲ್ಲಿ ಇವುಗಳ ಪಾಲೂ ಇದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಹೊರಗಿನವರು ಹಾಳಾಗಿ ಹೋಗಲಿ, ಅವ್ವನೂ ಮೂಗು ಮುರಿಯುತ್ತಿದ್ದಳು. ಕೊಟ್ಟೂರಿನ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಹಿತ್ತಲ ತಿಪ್ಪೆಯನ್ನು ಕೆದರಿ ಗೊಬ್ಬರವನ್ನು ಡಬ್ಬಿಗೆ ತುಂಬಿಕೊಳ್ಳುತ್ತಿದ್ದೆ. ಅವಳು ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ನನಗೋ ಆ ತಿಪ್ಪೆಯ ಮೇಲೆ ಹಕ್ಕೇ ಇತ್ತು. ನನಗಿಂತ ಮೊದಲು ಹುಟ್ಟಿದ ಇಬ್ಬರು ಅಣ್ಣಂದಿರು ಉಳಿದಿರಲಿಲ್ಲ. ಅಂಥ ಮನೆಯಲ್ಲಿ ಹೊಸ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಾರೆ, ಸಾವಿಗೂ ಬೇಡವಾಗಲಿ ಎಂದು. ಆಮೇಲೆ ಹಿರಿಯರೊಬ್ಬರು, ಸಿಕ್ಕಿದ ಕೂಸು ಎಂದು ಎತ್ತಿ ತರಬೇಕು. "ನಿನ್ನ ಎತ್ತಿ ತಂದಾಕಿ ನಾನ" ಎಂದು ಅಪ್ಪನ ತಾಯಿ, ನಮ್ಮಜ್ಜಿ, ಸಾಯುವವರೆಗೂ ಹೇಳುತ್ತಿದ್ದಳು. ಅವಳ ಫೋಟೋಕ್ಕೆ ಹಾರ ಹಾಕುವವಳು ಈಗಲೂ ನಾನೇ.

ಹೋದ ಭಾನುವಾರ ಹಟ ಹಿಡಿದು ಮೈಕ್ರೋಸ್ಕೋಪನ್ನು ಊರಿನ ಮನೆಗೇ ಒಯ್ದೆ. ನನ್ನ ಓದು ಎಂಥದೆಂದು ಅವ್ವ ಒಮ್ಮೆಯಾದರೂ ನೋಡಲಿ, ಮೆಚ್ಚಲಿ ಎಂಬ ಆಸೆ. ಬಟ್ಟಲಿನಲ್ಲಿ ತಿಪ್ಪೆಯ ನುಸಿಗಳು ಗಟ್ಟಿ ಚಿಪ್ಪು ಹೊತ್ತು ಹರಿದಾಡುತ್ತಿದ್ದವು.

"ಇವೆಲ್ಲ ಹೆಣ್ಣು ಅವ್ವಾ. ಈ ಜಾತ್ಯಾಗ ಗಂಡು ಅನ್ನೋದ ಇಲ್ಲ. ತಾಯಿ ತತ್ತಿ ಇಟ್ರ ಹೆಣ್ಣ ಬರ್ತಾವು. ಕೋಟಿಗಟ್ಟಲೆ ವರ್ಷದಿಂದ ಹಿಂಗ ನಡದೈತಿ."

ಗಂಡಿಲ್ಲದ ವಂಶ ಬೇಗ ಅಳಿಯುತ್ತದೆ ಎನ್ನುತ್ತದೆ ನಮ್ಮ ಜೀವವಿಕಾಸದ ಪಾಠ. ಇವು ಅಳಿದಿಲ್ಲ. ಅದನ್ನೂ ಹೇಳೋಣವೆಂದರೆ ಅವ್ವ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಏನೂ ಅಂಟಿರದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ನಿನ್ನ ಮೈತುಂಬ ಹಿಂಗ ಹುಳ ಹರದಾಡ್ತಿದ್ವು," ಎಂದಳು. "ಕೂಸನ್ನ ತಿಪ್ಪಿ ಮ್ಯಾಲ ಮಲಗಸ್ತೀನಿ ಅಂತ ಹರಕಿ ಹೊತ್ತಾಕಿ ನಿಮ್ಮಜ್ಜಿ. ಹೆಣ್ಣು ಹುಟ್ಟೈತಿ ಅಂತ ಎತ್ಕೊಳ್ಳಾಕ ಬರಲಿಲ್ಲ, ಕಟ್ಟಿ ಮ್ಯಾಲ ಕುಂತಬಿಟ್ಲು. ಬಿಸಿಲೇರಿತು. ಅತ್ತು ಅತ್ತು ನಿನ್ನ ದನಿ ಹೋತು. ಹಸಿ ಬಾಣಂತಿ, ನಾನ ಎದ್ದು ಹೋಗಿ ಎತ್ಕೊಂಡು ಬಂದೆ."

ಅಜ್ಜಿಯ ಆ ಮಾತನ್ನು ಇಷ್ಟು ವರ್ಷ ಕಂಡಕಂಡವರಿಗೆ ಹೇಳಿಕೊಂಡು ಮೆರೆದಿದ್ದೆ, ಅದೂ ಅವ್ವನ ಎದುರಿಗೇ.

"ಮತ್ತ ಯಾಕ ಹೇಳಲಿಲ್ಲ?"

"ಅಜ್ಜಿ ಎತ್ತಿ ತಂದ್ಲು ಅಂತ ನೀ ಖುಷಿಯಾಗಿದ್ದಿ," ಎಂದಳು ಅವ್ವ. "ಎದಕ್ಕ ಕೆಡಸಲಿ?"