ಓಣಿ ಬಾಯಿಯ ಹಳದಿ ಕಲ್ಲು

ಕಾಲೇಜಿನಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಸಿವಿಲ್ ಇಂಜಿನಿಯರಿಂಗು, ಇನ್ನರ್ಧ ವಾದ. ಸೊಲ್ಲಾಪುರದ ಚರ್ಚಾಸ್ಪರ್ಧೆಗಳಲ್ಲಿ ಮರಾಠಿಯಲ್ಲಿ ಮಾತಾಡಿ ಗೆದ್ದ ಕಪ್ಪುಗಳನ್ನು ಅವ್ವ ಟಿವಿಯ ಪಕ್ಕ ಜೋಡಿಸಿಟ್ಟಿದ್ದಳು. ಮನೆಗೆ ಬಂದವರಿಗೆ, "ಇವೆಲ್ಲ ಜಗಳಾಡಿ ತಂದದ್ದು" ಎಂದು ತೋರಿಸುತ್ತಿದ್ದಳು. ನನ್ನ ಹತ್ತಿರ ಇದ್ದ ಆಯುಧ ಒಂದೇ. ಎದುರಿನವರು ಏನೇ ಹೇಳಲಿ, "ಪುರಾವೆ?" ಎಂದು ಕೇಳುವುದು. ದೇವರು, ದೃಷ್ಟಿ, ಮಳೆಯ ಮುನ್ಸೂಚನೆ, ಅಪ್ಪನ ಮೊಣಕಾಲು ನೋವಿಗೆ ಪಕ್ಕದ ಮನೆಯವರು ಹೇಳಿದ ಎಲೆ, ಯಾವುದನ್ನೂ ಬಿಟ್ಟವಳಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎಂದರೂ ಒಂದು ಗುಟುಕು ಕುಡಿದ ಮೇಲೆಯೇ ಒಪ್ಪುವವಳು ಎಂದು ಅಪ್ಪ ರೇಗಿಸುತ್ತಿದ್ದರು. ಅದು ಸುಳ್ಳೇನಲ್ಲ.

ನನಗೆ ಕೆಲಸ ಸಿಕ್ಕದ್ದು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಟವೆಲ್ ನೇಯುವ ಎರಡು ಕಾರ್ಖಾನೆಗಳ ನಡುವೆ ಒಂದು ಮಹಡಿ, ಅದರ ಮೇಲೆ ನಮ್ಮ ಸಣ್ಣ ಆಫೀಸು. ಮಗ್ಗಗಳ ಸದ್ದಿಗೆ ಮೇಜಿನ ಮೇಲಿನ ಚಹಾ ಇಡೀ ದಿನ ಸಣ್ಣಗೆ ನಡುಗುತ್ತಿರುತ್ತದೆ. ನಮ್ಮ ಸಾಹೇಬರು ನೀರಾವರಿ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ನಾನು ಸೇರಿದ ವಾರವೇ ಒಂದು ಕಡತ ಕೈಗಿತ್ತರು. ಅಕ್ಕಲಕೋಟ ತಾಲ್ಲೂಕಿನಲ್ಲಿ, ನಾಗಣಸೂರಿನ ಕಡೆಯ ಒಂದು ಊರಿಗೆ ನದಿಯ ನೀರು ಮತ್ತೆ ಮತ್ತೆ ನುಗ್ಗುತ್ತಿತ್ತು. ಅದಕ್ಕೆ ಪ್ರವಾಹದ ಅಧ್ಯಯನ ಆಗಬೇಕಿತ್ತು. ನಮ್ಮ ಕೆಲಸ ಆ ಅಧ್ಯಯನವಲ್ಲ, ಅದು ಎಲ್ಲಿಂದ ಎಲ್ಲಿಯವರೆಗೆ, ಹೇಗೆ ನಡೆಯಬೇಕು ಎಂಬ ಯೋಜನೆ.

"ಅಧ್ಯಯನಕ್ಕೊಂದು ಯೋಜನಾ, ಯೋಜನಾಕ್ಕೊಂದು ಮೀಟಿಂಗ್, ಮೀಟಿಂಗಿಗೊಂದು ಚಹಾ. ಇಷ್ಟೆಲ್ಲ ಆಗೋದ್ರಾಗ ನದಿಗೆ ಮುಂದಿನ ಪೂರ ಬಂದಿರ್ತದಲ್ರಿ?" ಎಂದು ಕೇಳಿದೆ.

ಸಾಹೇಬರು ನಕ್ಕರು. "ನೀ ಎಲ್ಲಿ ಅಳೀಬೇಕು ಅನ್ನೋದ ತಪ್ಪಿದ್ರ, ಎಷ್ಟ ಛಂದ ಅಳದ್ರೂ ಉಪಯೋಗ ಇಲ್ಲವಾ. ನಕಾಶೆ ಮ್ಯಾಲೆ ಒಂದು ಗೆರಿ ಎಳೀತೀವಿ. ಗೆರಿ ಒಳಗ ಬಂದವ್ರಿಗೆ ಮುಂದ ತಡೆಗ್ವಾಡಿನೋ ಮೋರಿನೋ ಸಿಗ್ತದ. ಹೊರಗ ಉಳದವ್ರಿಗೆ ಬರೇ ಸಮಾಧಾನ ಸಿಗ್ತದ. ಗೆರಿ ಎಳಿಯೂಕ ಮೊದಲ ಊರಿಗಿ ಹೋಗಿ ಬಾ."

ಆ ಊರು ನನ್ನ ಅವ್ವನ ತವರು. ಮಾಮಾ ಅಲ್ಲೇ ಇದ್ದಾನೆ, ತೊಗರಿ ಬೆಳೆಯುತ್ತಾನೆ. ಆದ್ದರಿಂದ ಊಟ ವಸತಿಯ ಚಿಂತೆ ಇರಲಿಲ್ಲ. ಮೂರು ಕಾಲಿನ ಲೆವೆಲ್ ಯಂತ್ರ, ಅಂಕಿ ಬರೆದ ಉದ್ದನೆಯ ಪಟ್ಟಿ, ಟೇಪು, ಇವಿಷ್ಟನ್ನೂ ಬಸ್ಸಿನಲ್ಲಿ ಹೇರಿಕೊಂಡು ಹೋದೆ. ಪಟ್ಟಿ ನೋಡಿದ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಎಂದು ತಮಾಷೆ ಮಾಡಿದ. ಅಷ್ಟು ಎತ್ತರ ಇದ್ದವರಿಗೆ ಪೂರ್ತಿ ಟಿಕೆಟ್ ಅಲ್ಲವೇ ಎಂದು ವಾದಿಸಿದೆ. ಅವನು ಮುಂದಿನ ಸೀಟಿಗೆ ಹೋದ.

ಆಫೀಸಿನಲ್ಲೇ ಪೆನ್ಸಿಲಿನಿಂದ ಅಂದಾಜಿಗೆ ಎಳೆದಿದ್ದ ಗೆರೆ ಸೇತುವೆಯ ಹತ್ತಿರ ನಿಲ್ಲುತ್ತಿತ್ತು. ಸೇತುವೆಗೆ ಕಸಕಡ್ಡಿ ಸಿಕ್ಕಿ ನದಿಯ ನೀರು ಅದರ ಮೇಲೆ ಹತ್ತಿ ಊರಿಗೆ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ಆದರೆ ಸೇತುವೆಯಿಂದ ಕೆಳಗೆ ಒಂದು ಓಣಿ ಇದೆ, ಕುರಿ ಸಾಕುವವರದು. ಓಣಿಯ ಮುಂದೆ ನದಿ, ಹಿಂದೆ ಒಂದು ಹಳ್ಳ. ಆ ಹಳ್ಳ ಸ್ವಲ್ಪ ದೂರ ಹರಿದು, ಇನ್ನೂ ಕೆಳಗೆ ಹೋಗಿ ನದಿಗೆ ಕೂಡುತ್ತದೆ. ನನ್ನ ಗೆರೆಯಲ್ಲಿ ಆ ಹಳ್ಳ ಇರಲಿಲ್ಲ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ನಾನು ನಕಾಶೆ ಬಿಡಿಸಿ ಹೇಳಿ ಮುಗಿಸುವುದರೊಳಗೆ ಆ ಓಣಿಯ ಒಬ್ಬ ಅಜ್ಜಿ ಎದ್ದು ನಿಂತಳು. ಊರಿನವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಾರೆ. ಕಳೆದ ಪ್ರವಾಹದಲ್ಲಿ ಅವಳ ಮನೆಯವರು ಕುರಿಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಬೀರೋಬಾನ ಗುಡಿಗೆ ಓಡಿದ್ದರಂತೆ. ದೊಡ್ಡಿಯಲ್ಲಿ ಉಳಿದ ಕೆಲವು ಕುರಿಗಳು ಬದುಕಲಿಲ್ಲ.

"ಹೌದು ನನ್ನವ್ವಾ, ನಿನ್ನ ಗೆರಿ ನಮ್ಮ ಓಣಿ ಬಿಟ್ಟೈತಲ್ಲ? ನಮ್ಮಲ್ಲಿ ನೀರು ಬ್ರಿಜ್ ಮ್ಯಾಗಿಂದ ಬರಂಗಿಲ್ಲ. ಹಿಂದಿಂದ ಬರ್ತೈತಿ, ಕಳ್ಳ ಬಂದಂಗ."

"ಆಯಿ, ನದಿ ಮುಂದ ಐತ್ರಿ. ನೀರು ಹಿಂದಿಂದ ಹ್ಯಾಂಗ ಬರ್ತೈತಿ? ಪುರಾವೆ ಏನು?"

"ಪುರಾವೆ ಅಂದ್ರ? ನಾವು ತೊಯ್ದಿದ್ದು ಸಾಲಲಿಲ್ಲೇನು?" ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಳ ತುಂಬ ನಗು. ನಾನೂ ನಕ್ಕೆ, ಆದರೆ ಬಿಡಲಿಲ್ಲ. ತೊಯ್ದದ್ದು ನೀರು ಬಂದದ್ದಕ್ಕೆ ಪುರಾವೆ, ಯಾವ ಕಡೆಯಿಂದ ಬಂತು ಎನ್ನುವುದಕ್ಕಲ್ಲ ಎಂದೆ. ಆಯಿ ಸೆರಗು ಸರಿಮಾಡಿಕೊಂಡು, "ಹಂಗಾರ ಬಾ, ಕಲ್ಲು ತೋರಿಸ್ತೀನಿ ವಕೀಲಬಾಯಿ" ಎಂದಳು. ಅಲ್ಲಿಂದ ಮುಂದೆ ನಾನು ಆ ಊರಿಗೆಲ್ಲ ವಕೀಲಬಾಯಿ.

ಆ ಓಣಿಯಲ್ಲೊಂದು ಪದ್ಧತಿ ಇದೆ. ಪ್ರವಾಹದ ನೀರು ಏರಿ ಏರಿ ಎಲ್ಲಿಗೆ ಬಂದು ನಿಂತು ಹಿಂದಕ್ಕೆ ತಿರುಗುತ್ತದೋ ಅಲ್ಲಿ ಹೆಂಗಸರು ಗಂಗವ್ವನಿಗೆ ಉಡಿ ತುಂಬುತ್ತಾರೆ. ಕುಪ್ಪಸದ ಬಟ್ಟೆ, ಅಕ್ಕಿ, ತೆಂಗಿನಕಾಯಿ ನೀರಿಗೆ ಬಿಟ್ಟು, ಮನೆಗೆ ಬಂದ ಮಗಳನ್ನು ಕಳಿಸಿಕೊಟ್ಟಂತೆ ಕಳಿಸುತ್ತಾರೆ. ಆಮೇಲೆ ಅದೇ ಜಾಗದಲ್ಲಿ ಒಂದು ಕಲ್ಲು ನೆಟ್ಟು ಬೀರೋಬಾನ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚುತ್ತಾರೆ. ಕಳೆದ ಪ್ರವಾಹಕ್ಕೆ ನೆಟ್ಟ ಕಲ್ಲುಗಳು ಮೂರು. ಎರಡು ಓಣಿಯ ಹಿಂಭಾಗದಲ್ಲಿ, ಆಯಿಯ ದೊಡ್ಡಿಯ ಹತ್ತಿರ. ಒಂದು ಓಣಿ ಬಾಯಿಯಲ್ಲಿ, ರಸ್ತೆ ಶುರುವಾಗುವಲ್ಲಿ, ಒಂದು ಕಟ್ಟೆಯ ಮೇಲೆ.

ನಿಜ ಹೇಳಬೇಕೆಂದರೆ ನನಗೆ ಹಬ್ಬವಾಯಿತು. ಯಾವ ಆಫೀಸಿನಲ್ಲೂ ಸಿಗದ ದಾಖಲೆ ಅದು. ಯಂತ್ರ ನಿಲ್ಲಿಸಿದೆ. ಪಟ್ಟಿ ಹಿಡಿಯಲು ಮಾಮಾನನ್ನು ನಿಲ್ಲಿಸಿದೆ.

"ಮಾಮಾ, ನೆಟ್ಟಗ ಹಿಡಿ. ವಾಲಾಕತ್ತೈತಿ."

"ಪಟ್ಟಿ ನೆಟ್ಟಗೇ ಐತಿ. ನಿನ್ನ ಮಿಷಿನ್ನೇ ವಾಲೈತಿ. ನಿಮ್ಮವ್ವನೂ ಹಿಂಗ, ತನ್ನ ಕಣ್ಣ ಬಿಟ್ಟು ಎಲ್ಲಾರದೂ ಸೊಟ್ಟ."

ಅಳತೆ ಬಂತು. ಹಿಂದಿನ ಎರಡು ಕಲ್ಲುಗಳ ಬುಡ ಒಂದೇ ಮಟ್ಟ. ಓಣಿ ಬಾಯಿಯ ಕಲ್ಲು ಅವಕ್ಕಿಂತ ಎತ್ತರ, ಊರ ಅಳತೆಯಲ್ಲಿ ಹೇಳುವುದಾದರೆ ಒಂದು ಮೊಳ ಎರಡು ಬೆರಳು. ನಾನು ಅಲ್ಲೇ, ಓಣಿಯ ನಡುವೆ, ನನ್ನ ಜೀವನದ ಅತ್ಯುತ್ತಮ ಭಾಷಣಗಳಲ್ಲೊಂದನ್ನು ಮಾಡಿದೆ. ನೀರು ಎತ್ತರದಿಂದ ತಗ್ಗಿಗೆ ಹೋಗುತ್ತದೆ, ಇದಕ್ಕೆ ಯಾರದಾದರೂ ತಕರಾರು ಉಂಟೋ? ಇಲ್ಲ. ಮುಂದಿನ ಕಲ್ಲು ಎತ್ತರ, ಹಿಂದಿನವು ತಗ್ಗು, ಇದಕ್ಕೆ ತಕರಾರು ಉಂಟೋ? ಇಲ್ಲ. ಹಾಗಾದರೆ ನೀರು ಮುಂದಿನಿಂದ ಹಿಂದಕ್ಕೆ ಹೋಯಿತು, ಸೇತುವೆಯ ಕಡೆಯಿಂದಲೇ ಬಂತು. ನಿಮ್ಮ ಕಲ್ಲುಗಳೇ ಸಾಕ್ಷಿ. ಸೇತುವೆ ಸರಿಯಾದರೆ ಓಣಿಯೂ ಸರಿಯಾಗುತ್ತದೆ, ಗೆರೆ ಮುಂದಕ್ಕೆ ಬೇಕಿಲ್ಲ.

ಸ್ಪರ್ಧೆಯಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳಬೇಕಿತ್ತು. ಆಯಿ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಕೊಟ್ಟಳು. "ಕುಡಿ. ಅಷ್ಟೊತ್ತು ಮಾತಾಡಿ ಗಂಟಲ ಆರೈತಿ. ನಮ್ಮ ಹಣಿಬರದಾಗ ಇದ್ದಂಗ ಆಗ್ಲಿ." ಅಲ್ಲೇ ನಿಂತು ಸಾಹೇಬರಿಗೆ ಫೋನು ಮಾಡಿ, ಗೆರೆ ಸೇತುವೆಗೇ ನಿಲ್ಲಲಿ ಎಂದೆ. ಮಜ್ಜಿಗೆ ಚೆನ್ನಾಗಿತ್ತು, ಅದೇ ಸ್ವಲ್ಪ ಕಷ್ಟವಾದದ್ದು.

ಮರುದಿನ ಮಧ್ಯಾಹ್ನ ಅಳತೆಯ ಉಳಿದ ಕೆಲಸ ಮುಗಿಸಿ, ಮಾಮಾನ ಮನೆಯಿಂದ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಓಣಿ ಬಾಯಿಯ ಕಟ್ಟೆಯ ಮೇಲೆ ಕುಳಿತೆ. ನನ್ನ ಪಕ್ಕದಲ್ಲೇ ಹಳದಿ ಕಲ್ಲು. ಎರಡನೆಯ ತುತ್ತಿಗೆ ಆಯಿ ಬಂದಳು.

"ಏ ವಕೀಲಬಾಯಿ, ಏಳ. ದೇವ್ರ ಬಾಜೂಕ ಚಪ್ಪಲಿ ಹಾಕ್ಕೊಂಡು ಊಟಕ್ಕ ಕುಂತೀಯಲ್ಲ?"

"ಎದ್ದೆ, ಎದ್ದೆ. ಆದ್ರ ಆಯಿ, ಕುಂದರಬಾರದು ಅಂದ್ರ ಇಷ್ಟು ನುಣ್ಣಗ ಸಿಮೆಂಟ್ ಕಟ್ಟಿ ಯಾಕ ಕಟ್ಟಿಸಿದ್ರಿ?"

"ಅದು ನಿನ್ನಂಥವ್ರು ಕುಂದ್ರಲಿ ಅಂತ ಅಲ್ಲ. ಪೂರ ಹೋದ ಮ್ಯಾಗ ಇಲ್ಲಿ ಸಿಮೆಂಟ್ ರಸ್ತಾ ಮಾಡಿದ್ರಲ್ಲ? ರಸ್ತಾ ಮ್ಯಾಗ ಬಂತು, ದೇವ್ರು ಕೆಳಗ ಉಳದ. ಭಾಂಡಿ ತಿಕ್ಕಿದ ನೀರು ದೇವ್ರ ಮ್ಯಾಗ ಹರೀಬೇಕೇನು? ಅದಕ್ಕ ಕಟ್ಟಿ ಕಟ್ಟಿ, ಎತ್ತಿ ಕುಂದ್ರಿಸಿದ್ವಿ."

ರೊಟ್ಟಿ ಬಾಯಲ್ಲೇ ಉಳಿಯಿತು. ನಾನು ಅಳೆದದ್ದು ನೀರು ನಿಂತ ಮಟ್ಟವನ್ನಲ್ಲ, ಓಣಿಯವರ ಭಕ್ತಿಯ ಎತ್ತರವನ್ನು!

"ಆಯಿ! ಇದನ್ನ ನಿನ್ನಿ ಯಾಕ ಹೇಳಲಿಲ್ರಿ?"

"ನೀ ಎಲ್ಲಿ ಕೇಳಿದಿ? ನೀ ಹೇಳಾಕತ್ತಿದ್ದಿ."

ಇಷ್ಟು ವರ್ಷಗಳಲ್ಲಿ ನನಗೆ ಯಾವ ನಿರ್ಣಾಯಕರೂ ಇಷ್ಟು ಚಿಕ್ಕದಾಗಿ ಇಷ್ಟು ಕಡಿಮೆ ಅಂಕ ಕೊಟ್ಟಿರಲಿಲ್ಲ. ಆದರೂ ಹಳೆಯ ಚಾಳಿ ಬಿಡಬೇಕಲ್ಲ? ಎತ್ತಿದಿರಿ ಸರಿ, ಎಷ್ಟು ಎತ್ತಿದಿರಿ, ಅದಕ್ಕೆ ಪುರಾವೆ ಎಂದೆ. ಆಯಿ ಬಗ್ಗಿ ಕಟ್ಟೆಯ ಬುಡದಲ್ಲಿದ್ದ ಸಣ್ಣ ಗೂಡನ್ನು ತೋರಿಸಿದಳು. ನಾನು ಎರಡು ದಿನದಿಂದ ನನ್ನ ಚೀಲ ಒರಗಿಸಿ ಇಟ್ಟದ್ದು ಅದಕ್ಕೇ. ಒಳಗೆ ಎಣ್ಣೆ ಮೆತ್ತಿದ ಹಣತೆ, ಅದರ ಹಿಂದೆ ಮುಷ್ಟಿಯಷ್ಟು ದೊಡ್ಡ ಹಳದಿ ಗುಂಡುಕಲ್ಲು. ದೇವರನ್ನು ಎತ್ತಿ ಬೇರೆಡೆ ಕೂರಿಸಿದರೆ ಮೊದಲಿನ ಜಾಗ ಬರಿದಾಗಿ ಬಿಡಬಾರದಂತೆ. ಹಳೆಯ ಕಲ್ಲಿನ ಬುಡ ಎಲ್ಲಿತ್ತೋ ಅಲ್ಲೇ ಒಂದು ಮರಿಕಲ್ಲು ಇಡಬೇಕಂತೆ.

ನಾನು ಟೇಪು ತೆಗೆಯುವ ಮೊದಲೇ ಆಯಿ ಮೊಣಕೈ ಊರಿ, ಮರಿಕಲ್ಲಿನ ಬುಡದಿಂದ ಮೇಲಿನ ಕಲ್ಲಿನ ಬುಡದವರೆಗೆ ಅಳೆದಳು. "ಒಂದು ಮೊಳ, ನಾಕು ಬೆರಳು." ಟೇಪು ಹಿಡಿದೆ. ಟೇಪೂ ಅದನ್ನೇ ಹೇಳಿತು.

ಒಂದು ಮೊಳ ಎರಡು ಬೆರಳಿನಿಂದ ಒಂದು ಮೊಳ ನಾಲ್ಕು ಬೆರಳು ಕಳೆಯಿರಿ. ಮುಂದಿನ ಕಲ್ಲು ಹಿಂದಿನವಕ್ಕಿಂತ ಎರಡು ಬೆರಳು ತಗ್ಗಾಯಿತು. ನೀರು ಎತ್ತರದಿಂದ ತಗ್ಗಿಗೆ ಹೋಗುತ್ತದೆ ಎಂದು ನಾನೇ ಓಣಿ ತುಂಬ ಒಪ್ಪಿಸಿದ್ದೆ. ಎಂದರೆ ನೀರು ಹಿಂದಿನಿಂದಲೇ ಬಂದಿರಬೇಕು. ಹಳ್ಳದ ಹತ್ತಿರ ಹೋಗಿ ನಿಂತು ನೋಡಿದಾಗ ಕಾರಣವೂ ಹೊಳೆಯಿತು. ನದಿ ತುಂಬಿದಾಗ ಅದರ ನೀರು ಹಳ್ಳದ ಬಾಯಿಗೆ ಅಡ್ಡ ನಿಲ್ಲುತ್ತದೆ. ಹಳ್ಳದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ಏರುತ್ತದೆ, ಮೊದಲು ಸಿಗುವುದೇ ಆಯಿಯ ದೊಡ್ಡಿ. ಸೇತುವೆಯನ್ನು ಎಷ್ಟು ರಿಪೇರಿ ಮಾಡಿದರೂ ಆ ಮರಿಗಳು ಮತ್ತೆ ಕಂಬಳಿಯಲ್ಲೇ ಗುಡಿ ಸೇರಬೇಕು.

ಸಾಹೇಬರಿಗೆ ಮತ್ತೆ ಫೋನು ಮಾಡಿದೆ. ಹಿಂದೆ ಮಗ್ಗಗಳ ಸದ್ದು.

"ಸರ್, ಗೆರಿ ಮುಂದ ಒಯ್ಯಬೇಕು. ಹಳ್ಳ ನದಿಗೆ ಕೂಡೂ ತನಕ."

"ಅರೇ ದೇವಾ! ನಿನ್ನಿ ಒಬ್ಬಾಕಿ ಫೋನ್ ಮಾಡಿ ಬ್ಯಾಡಂದಿದ್ಳಲ್ಲ?"

"ಆಕಿ ತಪ್ಪಿದ್ಳು ಸರ್. ಆಕಿ ವಾದ ಒಂದೊಂದಾಗಿ ಮುರೀತೀನಿ, ಕೇಳ್ರಿ."

ಎಲ್ಲ ಕೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ನಾನೇ ಕೇಳುತ್ತಿದ್ದಂಥದ್ದು. "ಎರಡು ಬೆರಳಿನ ಫರಕು. ಅಷ್ಟರ ಮ್ಯಾಲೆ ಹಿಂದಿಂದ ಬಂತು ಅಂತ ಖಾತ್ರಿ ಹೇಳ್ತೀಯೇನು?"

"ಇಲ್ಲ ಸರ್. ಎರಡು ಬೆರಳಿನ ಪುರಾವೆಗೆ ಶಿಕ್ಷಾ ಕೊಡಾಕ ಆಗಂಗಿಲ್ಲ. ಕೇಸ್ ಹಾಕಾಕ ಬರ್ತದ. ನಾವು ಈಗ ಮಾಡಾಕತ್ತಿದ್ದು ಯೋಜನಾ ಅಲ್ರಿ? ಉತ್ತರ ಬರಿಯೂದಲ್ಲ, ಯಾವ ಪ್ರಶ್ನಿ ಬಿಡಬಾರದು ಅಂತ ಬರಿಯೂದು."

ಮಗ್ಗದ ಸದ್ದಿನ ನಡುವೆ ಅವರ ನಗು ಕೇಳಿಸಿತು. "ಬಾ. ಗೆರಿ ನೀನ ಎಳಿ."

ಎಳೆದೆ, ಈ ಸಲ ಪೆನ್ನಿನಿಂದ. ಓಣಿ, ದೊಡ್ಡಿ, ಹಳ್ಳ, ಹಳ್ಳದ ಬಾಯಿ ಎಲ್ಲವೂ ಒಳಗೆ ಬಂದವು. ಯೋಜನೆ ಹಾಗೆಯೇ ಮಂಜೂರಾಗಿ, ಮಳೆಗಾಲಕ್ಕೆ ಮೊದಲು ನೀರಿನ ಮಟ್ಟ ಓದುವ ಮೊದಲ ಅಳತೆಗಂಬವನ್ನು ಆಯಿಯ ದೊಡ್ಡಿಯ ಹಿಂದೆ, ಹಳ್ಳದ ದಂಡೆಯಲ್ಲೇ ನಿಲ್ಲಿಸಿದೆವು. ಬಿಳಿ ಬಣ್ಣ, ಕಪ್ಪು ಅಂಕಿ, ಬುಡಕ್ಕೆ ಕಾಂಕ್ರೀಟು. ಸಾಹೇಬರೂ ಬಂದಿದ್ದರು. ಅವರು ಕಂಬದ ಸುತ್ತ ಒಂದು ಸುತ್ತು ಬರುವುದರೊಳಗೆ ಆಯಿ ಭಂಡಾರದ ಚೀಲ ಹಿಡಿದು ಬಂದು, ಕಂಬಕ್ಕೆ ಮೂರು ಬೆರಳಿನಿಂದ ಅರಿಶಿನ ಎಳೆದೇಬಿಟ್ಟಳು.

ಯೋಜನೆಯ ಕರಡಿನಲ್ಲಿ ನಾನು ಹಟ ಹಿಡಿದು ಸೇರಿಸಿದ್ದ ಒಂದು ಸಾಲಿದೆ: ಯಾವ ಕಾರಣಕ್ಕೂ ಅಳತೆಗಂಬವನ್ನು ಎತ್ತರಿಸಬಾರದು, ಸರಿಸಬಾರದು. ಆ ಸಾಲಿನ ಅರ್ಥ ಆಫೀಸಿನಲ್ಲಿ ಸಾಹೇಬರನ್ನು ಬಿಟ್ಟು ಯಾರಿಗೂ ಆಗಿರಲಿಲ್ಲ.

"ಆಯಿ, ಕೈ ಮುಗೀತೀನಿ. ಇದನ್ನ ಮಾತ್ರ ಎತ್ತಬ್ಯಾಡ್ರಿ."

"ಇಲ್ಲಿ ರಸ್ತಾ ಮಾಡಿದ್ರ?"

"ಮಾಡಿದ್ರೂ ಎತ್ತಬ್ಯಾಡ್ರಿ."

"ಭಾಂಡಿ ನೀರು ಬಂದ್ರ?"

"ಬರ್ಲಿ ಆಯಿ. ಇದೇನು ದೇವರಲ್ಲ."

ಆಯಿ ಅರಿಶಿನದ ಕೈಯನ್ನು ಸೊಂಟದ ಮೇಲಿಟ್ಟು ನನ್ನನ್ನೇ ನೋಡಿದಳು. "ಪುರಾವೆ?"

ಸಾಹೇಬರು ನಕ್ಕು ನಕ್ಕು ದೊಡ್ಡಿಯ ಬೇಲಿ ಹಿಡಿದುಕೊಂಡರು. ಮಾಮಾ ಮಾತ್ರ ಗಂಭೀರವಾಗಿ, ಕಂಬ ಸ್ವಲ್ಪ ವಾಲಿದೆ ಎಂದ. ಬೇಲಿಯೊಳಗಿನ ಮರಿಯೊಂದು ಕತ್ತು ಚಾಚಿ ಕಂಬದ ಬುಡದ ಹಸಿ ಬಣ್ಣವನ್ನು ಮೂಸಿ ನೋಡಿ ಸೀನಿತು. ನಾನು ಹೋಗಿ ಲೆವೆಲ್ ಯಂತ್ರ ತಂದು ನೋಡಿದೆ. ಕಂಬ ನೆಟ್ಟಗೇ ಇತ್ತು.