ಸೊಂಟದ ಹಗ್ಗದ ಸಡಿಲ ಗಂಟು

ಮೊದಲ ದಿನ ನನ್ನ ಮೊಮ್ಮಗಳು ಹೆದರಿ ಬಂಡೆ ಇಳಿಯಲಿಲ್ಲ ಎಂದು ಕ್ಲಾಸಿನವರು ಹೇಳುತ್ತಾರೆ. ಅದು ಸುಳ್ಳು. ಸೊಂಟಕ್ಕೆ ಕಟ್ಟಿದ ಹಗ್ಗದ ಗಂಟು ಸಡಿಲವಿತ್ತು.

ಇಂಗ್ಲಿಷ್ ಕ್ಲಾಸಿನವರು ಎರಡು ದಿನ ಮಕ್ಕಳನ್ನು ಕಪ್ಪತಗುಡ್ಡಕ್ಕೆ ಕರೆದೊಯ್ದಿದ್ದರು. ಹುಡುಗಿಯರ ಜೊತೆ ಮನೆಯವರೊಬ್ಬರು ಬರಬೇಕೆಂದಿದ್ದರಿಂದ ನಾನೂ ಹೋಗಿದ್ದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಇಳಿಯುವುದು ಆಟ. ಕನ್ನಡ ಮಾತಾಡಿದವರು ಆಟದಿಂದ ಹೊರಗೆ, ಅದು ಅವರ ಕಾಯಿದೆ. ಸರದಿ ಬಂದಾಗ ಮೊಮ್ಮಗಳು ಗಂಟನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ. ಬೆಟಗೇರಿಯಲ್ಲಿ ನಲವತ್ತು ವರ್ಷ ಮಗ್ಗದಲ್ಲಿ ಕೂತು ಹರಿದ ಎಳೆಗೆ ಗಂಟು ಹಾಕಿದವಳು ನಾನು. ದೂರದಿಂದಲೇ ತಿಳಿಯಿತು.

“ತಮ್ಮಾ, ಆ ಗಂಟು ಜಾರತೈತಿ. ಬಿಚ್ಚಿ ಕಟ್ಟು.”

“ಅಜ್ಜಿ, ಇಲ್ಲಿ ಇಂಗ್ಲಿಷ್ ಅಷ್ಟ. ನೀವು ಸುಮ್ಮನ ಕುಂಡ್ರಿ,” ಎಂದು ಹಗ್ಗ ಕಟ್ಟಿದ ಹುಡುಗ ಕನ್ನಡದಲ್ಲೇ ಹೇಳಿದ.

“ಬಿದ್ರ ಎಲುಬು ಇಂಗ್ಲಿಷಿನ್ಯಾಗ ಮುರೀತೈತೇನು?” ಎಂದು ಹೋಗಿ ಹಗ್ಗ ಜಗ್ಗಿದೆ. ಗಂಟು ಬಿಚ್ಚಿಕೊಂಡು ಹಗ್ಗ ನನ್ನ ಕೈಗೇ ಬಂತು. ಆದರೂ ನಾನು ಕನ್ನಡ ಮಾತಾಡಿದೆನೆಂದು ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು.

“ಯಾಕ ಹೇಳ್ಲಿಲ್ಲಲೇ?” ಎಂದು ಮೊಮ್ಮಗಳನ್ನು ಕೇಳಿದೆ.

“ಇಂಗ್ಲಿಷಿನ್ಯಾಗ ಹೆಂಗ ಹೇಳ್ಬೇಕು ಗೊತ್ತಾಗ್ಲಿಲ್ಲಜ್ಜಿ. ಕನ್ನಡದಾಗ ಹೇಳಿದ್ರ ಇಳ್ಯಾಕ ಬಿಡ್ತಿದ್ದಿಲ್ಲ,” ಎಂದಳು. ಅವಳಿಗೆ ಇಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಬಂಡೆಯ ಮೇಲೆ ಹಗ್ಗದ ಪಕ್ಕ ಕುಳಿತೆ. ಹಿಂದಿನ ದಿನ ಬಿಚ್ಚಿದ ಗಂಟನ್ನು ಎಲ್ಲರೂ ಕಂಡಿದ್ದರಿಂದ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಒಬ್ಬೊಬ್ಬರ ಗಂಟನ್ನೂ ಜಗ್ಗಿ ನೋಡಿ, “ಬಿಗಿ ಐತೇನು?” ಎಂದು ಕೇಳಿದೆ. “ಐತ್ರಿ ಅಜ್ಜಿ,” ಎಂದು ಬಾಯಿ ಬಿಟ್ಟು ಹೇಳುವವರೆಗೆ ಯಾರನ್ನೂ ಇಳಿಯಗೊಡಲಿಲ್ಲ. ಮೊದಲು ಹೇಳಿ ಇಳಿದವಳು ನನ್ನ ಮೊಮ್ಮಗಳು.